ಅಂಗಡಿಯಲ್ಲಿ ಕಟ್ ಆಗದ ವೈಫೈ

"ಏನೋ, ಮತ್ತೆ ಹೋಯ್ತಾ?" ಅಂತ ಅಪ್ಪ ಮಲಗಿದಲ್ಲಿಂದಲೇ ಕೇಳುತ್ತಿದ್ದರು. ಹೋಗಿರುತ್ತಿತ್ತು. ಮೀಟಿಂಗ್ ಮಧ್ಯೆ ನಾನು ಬಾಯಿ ತೆರೆದುಕೊಂಡು ಕಲ್ಲಾಗಿರುತ್ತಿದ್ದೆ. ಒಂದು ನಿಮಿಷ ಬಿಟ್ಟು ತಾನೇ ಬರುತ್ತಿತ್ತು.

ಅಪ್ಪನ ಸೊಂಟದ ಆಪರೇಷನ್ ಆದ ಮೇಲೆ ಒಂದು ತಿಂಗಳು ಭದ್ರಾವತಿಯಿಂದಲೇ ಕೆಲಸ ಮಾಡ್ತೀನಿ ಅಂತ ಕೇಳಿದ್ದೆ. "ಎರಡು ವಾರ ನೋಡೋಣ" ಅಂದಿದ್ದರು ಮ್ಯಾನೇಜರ್. (ಮ್ಯಾನೇಜರ್‌ಗಳ 'ನೋಡೋಣ'ದ ಅರ್ಥ ನಿಮಗೂ ಗೊತ್ತಿರುತ್ತೆ ಬಿಡಿ.) ಮನೆಯಲ್ಲಿ ನಾವಿಬ್ಬರೇ. ಮೊದಲ ವಾರ ಹೀಗೇ ಹೋಯಿತು.

ನಾನು ಇಂಜಿನಿಯರ್ ಅಲ್ವಾ, ಯೋಚನೆ ಮಾಡದೆ ಎಲ್ಲವನ್ನೂ ಮಾಡಿ ನೋಡಿದೆ. ರೂಟರ್ ಜಾಗ ಬದಲಾಯಿಸಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11. ಮೂರನ್ನೂ ಹಾಕಿದೆ. ಡ್ರೈವರ್ ತೆಗೆದು ಹೊಸದು ಹಾಕಿದೆ. ಊಹೂಂ. ಅಪ್ಪನ ಮೊಬೈಲ್ ಮಾತ್ರ ಅದೇ ವೈಫೈನಲ್ಲಿ ಯಕ್ಷಗಾನ ತೋರಿಸುತ್ತಾ ಆರಾಮಾಗಿತ್ತು. ಅಂದರೆ ತೊಂದರೆ ಲ್ಯಾಪ್‌ಟಾಪಿನದ್ದೇ.

ಶನಿವಾರ ಪಕ್ಕದ ಮನೆಯವರಿಗೆ ಅಪ್ಪನನ್ನು ನೋಡಿಕೊಳ್ಳಲು ಹೇಳಿ ಶಿವಮೊಗ್ಗದ ಬಸ್ ಹತ್ತಿದೆ. ದುರ್ಗಿಗುಡಿಯ ಅಂಗಡಿ ಹುಡುಗ ಚಾರ್ಜರ್ ಚುಚ್ಚಿ ಎರಡು ಗಂಟೆ ಓಡಿಸಿದ. ಒಂದು ಸಲವೂ ಕಟ್ ಆಗಲಿಲ್ಲ! "ಯಾವುದಕ್ಕೂ ಕಾರ್ಡ್ ಬದಲಾಯಿಸೋಣ ಸಾರ್" ಅಂದ. ಬೇಡ ಮಾರಾಯ ಅಂತ ಎತ್ತಿಕೊಂಡು ಬಂದೆ.

ಅಪ್ಪ ಕೇಳಿದ್ದು ಒಂದೇ. "ಯಾವಾಗ್ಯಾವಾಗ ಹೋಗುತ್ತೆ, ಬರೆದಿಟ್ಟಿದೀಯಾ?" 1923ರಲ್ಲಿ ಶುರುವಾದ ನಮ್ಮೂರ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೆಂಟೆನೆನ್ಸ್‌ನಲ್ಲಿದ್ದವರು. ಮೋಟರ್ ನಿಂತರೆ ಸ್ಪ್ಯಾನರ್‌ಗಿಂತ ಮೊದಲು ಲಾಗ್‌ಬುಕ್ ತೆಗೀಬೇಕು ಅನ್ನೋರು.

ವಿಂಡೋಸ್‌ನಲ್ಲೂ ಲಾಗ್‌ಬುಕ್ ಇದೆ. 'ವ್ಲಾನ್ ರಿಪೋರ್ಟ್' ಅಂತ, ಹಿಂದಿನ ಮೂರು ದಿನ ವೈಫೈ ಯಾವಾಗ ಬಂತು, ಯಾವಾಗ ಹೋಯಿತು ಎಲ್ಲ ಇರುತ್ತೆ. ಹೊತ್ತು ಓದಿ ಹೇಳುತ್ತಾ ಹೋದೆ. ನನಗೇ ನಗು ಬಂತು. ಕಟ್ ಆದದ್ದೆಲ್ಲ ನಾನು ಅಪ್ಪನ ಮಂಚದ ಪಕ್ಕ ಕೂತಿದ್ದಾಗಲೇ! ಆ ರೂಮಿನಲ್ಲಿರೋದು ಒಂದೇ ಪ್ಲಗ್. ಅದರಲ್ಲಿ ಅಪ್ಪನ ಗಾಳಿ ಹಾಸಿಗೆಯ ಪಂಪ್. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ವೈಫೈ ಕಾರ್ಡ್ ಕರೆಂಟ್ ಉಳಿಸೋ ನೆಪದಲ್ಲಿ ನಿದ್ದೆ.

ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಪ್ರಾಪರ್ಟೀಸ್, ಅದರಲ್ಲಿ ಪವರ್ ಮ್ಯಾನೇಜ್‌ಮೆಂಟ್. ಕರೆಂಟ್ ಉಳಿಸಲು ಕಾರ್ಡನ್ನು ಆಫ್ ಮಾಡಬಹುದು ಅನ್ನೋ ಟಿಕ್ ತೆಗೆದೆ. ಪವರ್ ಆಪ್ಷನ್ಸ್‌ನಲ್ಲೂ ವೈಫೈಗೆ ಉಳಿತಾಯ ಬೇಡ ಅಂತ ಹಾಕಿದೆ.

ಸೋಮವಾರ ಒಂದೂವರೆ ಗಂಟೆಯ ಮೀಟಿಂಗ್. ಅಪ್ಪ ಹಳೇ ಕ್ಯಾಲೆಂಡರಿನ ಹಾಳೆ, ಪೆನ್ನು ಹಿಡಿದು ಹೊತ್ತು ಬರೆಯಲು ಕಾಯುತ್ತಿದ್ದರು. ಬರೆಯೋಕೆ ಏನೂ ಸಿಗಲಿಲ್ಲ. ಹಾಗೇ ನಿದ್ದೆ ಹೋದರು.

ಬ್ಯಾಟರಿ ಮಾತ್ರ ಈಗ ಬೇಗ ಖಾಲಿಯಾಗುತ್ತೆ. ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತರಬೇಕು.