ಮೋಡದ ಹಿಂದಿನ ಚಂದ್ರ, ಎದೆಯೊಳಗಿನ ಸತ್ಯ

ರಾಮನಾಥಪುರದ ವಹ್ನಿ ಪುಷ್ಕರಿಣಿಯ ಬಳಿ ಕಾವೇರಿಯ ದೊಡ್ಡ ಮೀನುಗಳನ್ನು ದಂಡೆಯಿಂದ ನೋಡುವವರಿಗೆ ಅವು ಕೈಗೆಟಕುವಷ್ಟು ಸಮೀಪದಲ್ಲಿರುವಂತೆ ತೋರುತ್ತವೆ. ನೇರ ಮೇಲಿನಿಂದ ನೋಡಿದಾಗ ತಿಳಿನೀರಿನೊಳಗಿನ ವಸ್ತು ತನ್ನ ನಿಜವಾದ ಆಳದ ಸುಮಾರು ಮುಕ್ಕಾಲು ಪಾಲಿನಷ್ಟರಲ್ಲೇ ಇರುವಂತೆ ಕಾಣುತ್ತದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದೇ ಇದಕ್ಕೆ ಕಾರಣ. ಈ ಕಾರಣವನ್ನು ಅರಿತ ಮೇಲೂ ಕಣ್ಣು ತನ್ನ ಸಾಕ್ಷ್ಯವನ್ನು ತಿದ್ದಿಕೊಳ್ಳುವುದಿಲ್ಲ. ಮೀನು ಮತ್ತೆ ಹತ್ತಿರವೇ ಕಾಣುತ್ತದೆ.

ಹಾಗಾದರೆ ಕಣ್ಣನ್ನು ನಂಬುವುದು ಹೇಗೆ, ಕಣ್ಣಿನ ತಪ್ಪನ್ನು ಹಿಡಿಯುವ ಬುದ್ಧಿಯನ್ನಾದರೂ ನಂಬುವುದು ಹೇಗೆ ಎಂದು ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಮಕ್ಕಳು ಕೇಳುತ್ತಾರೆ. ಇಂತಹ ಪ್ರಶ್ನೆಗಳಿಂದ ಈಮಾನ್ ಸಡಿಲಗೊಳ್ಳುತ್ತದೆಂದು ಹೆದರಿ ಅವರ ಬಾಯಿ ಮುಚ್ಚಿಸುವ ಹಿರಿಯರಿದ್ದಾರೆ. ಆ ಹೆದರಿಕೆ ನನಗೆ ಒಪ್ಪಿಗೆಯಿಲ್ಲ. ಮದ್ರಸಗಳಲ್ಲಿ ನಾವು ಗೌರವದಿಂದ ಹೆಸರೆತ್ತುವ ಇಮಾಮ್ ಗಝಾಲಿ(ರ) (1058–1111) ಈ ಪ್ರಶ್ನೆಯನ್ನು ಯಾರಿಗಿಂತಲೂ ತೀವ್ರವಾಗಿ ಕೇಳಿಕೊಂಡವರು. ತಮ್ಮ ಕೊನೆಯ ವರ್ಷಗಳಲ್ಲಿ ಬರೆದ 'ಅಲ್ ಮುನ್ಕಿದ್ ಮಿನದ್ದಲಾಲ್' ಕೃತಿಯಲ್ಲಿ ಅವರು ಅದನ್ನು ಮುಚ್ಚಿಟ್ಟಿಲ್ಲ. ನೆರಳು ನಿಂತಂತೆ ಕಾಣುತ್ತದೆ, ಆದರೆ ಅದು ಸದಾ ಚಲಿಸುತ್ತಿರುತ್ತದೆ. ನಕ್ಷತ್ರವು ಒಂದು ದೀನಾರಿನಷ್ಟು ಕಾಣುತ್ತದೆ, ಗಣಿತವೋ ಅದನ್ನು ಭೂಮಿಗಿಂತ ದೊಡ್ಡದೆನ್ನುತ್ತದೆ. ಇಂದ್ರಿಯವನ್ನು ಬುದ್ಧಿಯು ಸುಳ್ಳಾಗಿಸಿದಂತೆ ಬುದ್ಧಿಯನ್ನು ಸುಳ್ಳಾಗಿಸುವ ಇನ್ನೊಬ್ಬ ನ್ಯಾಯಾಧೀಶ ಅದರ ಮೇಲೆ ಇದ್ದರೆ? ಕನಸು ಕಾಣುತ್ತಿರುವವನಿಗೆ ಕನಸೂ ನಿಜವೇ ಅಲ್ಲವೇ?

ಸುಮಾರು ಎರಡು ತಿಂಗಳು ಅವರು ಈ ಸ್ಥಿತಿಯಲ್ಲಿದ್ದರು. ಬಿಡುಗಡೆ ದೊರೆತದ್ದು ವಾದದಿಂದಲ್ಲ, ಅಲ್ಲಾಹನು ತಮ್ಮ ಎದೆಗೆ ಹಾಕಿದ ಬೆಳಕಿನಿಂದ ಎಂದು ಅವರು ಬರೆದರು. ತರ್ಕದ ಬುಡವನ್ನೇ ಶಂಕಿಸಿದವನಿಗೆ ತರ್ಕವನ್ನೇ ಮದ್ದಾಗಿ ಕೊಡಲಾಗದೆಂಬುದನ್ನು ಅಷ್ಟು ದೊಡ್ಡ ತಾರ್ಕಿಕರು ಒಪ್ಪಿಕೊಂಡದ್ದೇ ನನಗೆ ಹಿರಿದಾಗಿ ಕಾಣುತ್ತದೆ.

ಶರೀಅತ್ ಕೂಡ ಮನುಷ್ಯನಿಂದ ಅವನ ಅಳವಿಗೆ ಮೀರಿದ ಖಚಿತತೆಯನ್ನು ಬೇಡುವುದಿಲ್ಲ. ಇಪ್ಪತ್ತೊಂಬತ್ತನೆಯ ದಿನದ ಸಂಜೆ ಮೋಡ ಕವಿದು ಚಂದ್ರದರ್ಶನವಾಗದಿದ್ದರೆ ತಿಂಗಳನ್ನು ಮೂವತ್ತು ದಿನಗಳಿಗೆ ಪೂರ್ಣಗೊಳಿಸಲು ಪ್ರವಾದಿವರ್ಯರು(ಸ) ಕಲಿಸಿದರು. ಮುಂಗಾರಿನಲ್ಲಿ ಅರಕಲಗೂಡು ಸೀಮೆಯ ಆಕಾಶವನ್ನು ನೋಡಿದವರಿಗೆ ಈ ರಿಯಾಯಿತಿಯ ಬೆಲೆ ತಿಳಿದಿದೆ. ಮೋಡದ ಹಿಂದೆ ಚಂದ್ರ ಇದ್ದಿರಲೂಬಹುದು. ಆದರೆ ಕಾಣದ ಚಂದ್ರನ ಹೊಣೆ ನಮ್ಮದಲ್ಲ.

ಚಂದ್ರನ ವಿಷಯದಲ್ಲಿ ಇಷ್ಟು ವಿನಯ ತೋರುವ ನಾವು ಪಕ್ಕದ ಸಫ್‌ನಲ್ಲಿ ನಿಂತವನ ಎದೆಯ ವಿಷಯದಲ್ಲಿ ಅದನ್ನು ತೋರುವುದಿಲ್ಲ. ಇವನ ನಮಾಝ್ ತೋರಿಕೆಯದು, ಅವನ ದಾನ ಹೆಸರಿಗಾಗಿ, ಇನ್ನೊಬ್ಬ ಮುನಾಫಿಕ್ ಎಂದು ಎಷ್ಟು ಸಲೀಸಾಗಿ ತೀರ್ಪು ಕೊಡುತ್ತೇವೆ! ಮೊಬೈಲ್ ಬಂದ ಮೇಲಂತೂ ಆ ತೀರ್ಪು ಇಶಾ ನಮಾಝಿಗೆ ಮೊದಲೇ ಊರೆಲ್ಲ ತಲುಪಿರುತ್ತದೆ. ಸೂರಃ ಅಲ್ ಹುಜುರಾತ್‌ನಲ್ಲಿ ಅಲ್ಲಾಹನು ಗುಮಾನಿಯಿಂದ ದೂರವಿರಲು ಆಜ್ಞಾಪಿಸಿದ್ದು ನಮ್ಮ ಈ ಚಟವನ್ನು ಬಲ್ಲವನಾಗಿಯೇ.

ಉಸಾಮಾ ಬಿನ್ ಝೈದ್(ರ) ಯುದ್ಧವೊಂದರಲ್ಲಿ ಶತ್ರುವಿನ ಮೇಲೆ ಆಯುಧ ಎತ್ತಿದಾಗ ಆತ ಕಲಿಮಾ ಉಚ್ಚರಿಸಿದ. ಆದರೂ ಉಸಾಮಾ ಅವನನ್ನು ಕೊಂದರು. ಆತ ಪ್ರಾಣಭಯದಿಂದ ಹಾಗೆ ಹೇಳಿದನೆಂಬುದು ಅವರ ಸಮರ್ಥನೆಯಾಗಿತ್ತು. ನಾವಾಗಿದ್ದರೂ ಬಹುಶಃ ಹಾಗೆಯೇ ಭಾವಿಸುತ್ತಿದ್ದೆವು. ಪ್ರವಾದಿವರ್ಯರು(ಸ) ಆ ಊಹೆಯ ಸರಿತಪ್ಪನ್ನು ಚರ್ಚಿಸಲಿಲ್ಲ. ಅವನ ಹೃದಯವನ್ನು ಸೀಳಿ ನೋಡಿದೆಯಾ ಎಂದು ಕೇಳಿದರು. ಮತ್ತೆ ಮತ್ತೆ ಅದನ್ನೇ ಕೇಳಿದರು. ಕೊನೆಗೆ ಉಸಾಮಾರಿಗೆ ತಾನು ಆ ದಿನವೇ ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.