ಕಪ್ಪು ಬಂದರೆ ಕಾಲು ಕೆಳಗೆ

ಎರಡು ವರ್ಷದ ಹಿಂದೆ ಹೊಸತೊಡಕಿನ ಊಟಕ್ಕೆ ಅತ್ತಿಗೆಯ ತವರಿನವರು ನಮ್ಮ ಮನೆಗೆ ಬಂದಿದ್ದರು. ಕೈ ತೊಳೆಯಲು ಹಜಾರದಿಂದ ಹಿತ್ತಲವರೆಗೆ ಹೋಗಿ ಬಂದ ಅವರ ಚಿಕ್ಕಪ್ಪ, ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಏನಪ್ಪಾ, ನಿಮ್ಮನೇಲಿ ಒಂದು ರೌಂಡು ಹೊಡೆದ್ರೆ ಟೈಲ್ಸ್ ಅಂಗಡಿಗೆ ಹೋಗಿ ಬಂದಂಗಾಯ್ತದೆ" ಅಂದರು. ಎಲ್ಲರೂ ನಕ್ಕೆವು. ಅತ್ತಿಗೆ ನಗಲಿಲ್ಲ.

ಅವರು ಹೇಳಿದ್ದು ಸುಳ್ಳೇನಲ್ಲ. ನಮ್ಮದು ತಿಪಟೂರು ಕಡೆಯ ಹಳ್ಳಿ, ಮಣ್ಣಿನ ಗೋಡೆಯ ಹೆಂಚಿನ ಮನೆ. ಜಗಲಿಗೆ ಚಪ್ಪಡಿ ಕಲ್ಲು. ಹಜಾರಕ್ಕೆ ಬೂದು-ಹಸಿರು ಚುಕ್ಕೆಯ ಮೊಸಾಯಿಕ್. ನಡುಮನೆಗೆ ಕೆಂಪು ಗಾರೆ. ಅಡುಗೆಮನೆಗೆ ಕಪ್ಪು ಕಡಪಾ ಕಲ್ಲು. ಅಣ್ಣನ ರೂಮಿಗೆ ಹೂವಿನ ಚಿತ್ರದ ಟೈಲ್ಸ್. ಗೋಡೆಗಳೂ ಹಾಗೇ: ಹಜಾರ ತಿಳಿ ಹಸಿರು, ನಡುಮನೆ ನೀಲಿ, ಅಡುಗೆಮನೆ ಗುಲಾಬಿ, ಅದೂ ಹೊಗೆ ಹಿಡಿದ ಗುಲಾಬಿ. ನಿಮ್ಮಲ್ಲೂ ಬಹಳ ಜನರ ಮನೆ ಹೀಗೇ ಇರಬಹುದು.

ಇದಕ್ಕೆ ರುಚಿಯಿಲ್ಲದ್ದು ಕಾರಣವಲ್ಲ. ನಮ್ಮ ಕಡೆ ಮನೆ ಒಂದೇ ಸಲಕ್ಕೆ ಆಗುವುದಿಲ್ಲ. ತೆಂಗಿನಕಾಯಿ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಒಣಗಿ ಉಂಡೆ ಕೊಬ್ಬರಿ ಆಗಬೇಕು, ಸುಲಿದು ಮಾರುಕಟ್ಟೆಗೆ ಹಾಕಬೇಕು, ಸಾಲ ತೀರಿಸಿ ಉಳಿದರೆ ಒಂದು ಕೋಣೆಗೆ ನೆಲ. ಮುಂದಿನ ಕೋಣೆಗೆ ಇನ್ನೆಷ್ಟು ವರ್ಷವೋ. ಅಷ್ಟರಲ್ಲಿ ಅಂಗಡಿಯಲ್ಲಿ ಬೇರೆ ಮಾಲು ಬಂದಿರುತ್ತದೆ.

ನಡುಮನೆಯ ಕೆಂಪು ನೆಲ ತಾತನ ಕಾಲದ್ದು. ಹೊಸಿಲ ಪಕ್ಕದಲ್ಲಿ 1979 ಎಂದು ಕೊರೆದಿದೆ. ಅದಕ್ಕೆ ಮೊದಲು ಇಡೀ ಮನೆ ಸಗಣಿ ಸಾರಿಸಿದ ನೆಲ. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಕಲೆಸಿ ಎಳೆದ ಮೇಲೆ ಇಬ್ಬರು ಆಳು ಮಂಡಿಯೂರಿ ಕೂತು ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ತಂದರಂತೆ. ಆಮೇಲೆ ವಾರಗಟ್ಟಲೆ ನೀರು ಕಟ್ಟಿ ನಿಲ್ಲಿಸಿದ್ದು. ನೆಲ ಹಸಿ ಇರುವಾಗಲೇ ತಾತ ಒಂದು ಮೂಲೆಯಲ್ಲಿ ಮೊಳೆಯಿಂದ ಚೌಕಾಬಾರದ ಮನೆ ಬರೆಸಿದ್ದರು, ಇಪ್ಪತ್ತೈದು ಚೌಕ. ನಾವು ಹುಣಸೆ ಬೀಜ ತೇಯ್ದು ಅಲ್ಲೇ ಆಡಿ ಬೆಳೆದವರು. ಬೇಸಿಗೆಯಲ್ಲಿ ಅದರ ಮೇಲೆ ಚಾಪೆಯಿಲ್ಲದೆ ಮಲಗಿದರೆ ಬೆನ್ನಿಗೆ ತಂಪು ಹತ್ತುತ್ತದೆ.

ಕಡಪಾ ಕಲ್ಲು 1988ರದ್ದು. ಅಡುಗೆಮನೆ ಹಜಾರಕ್ಕಿಂತ ನಾಲ್ಕು ಇಂಚು ತಗ್ಗು. ತೊಳೆದ ನೀರು ಹಜಾರಕ್ಕೆ ನುಗ್ಗದಿರಲಿ ಎಂದು ಹಾಗೆ ಮಾಡಿದ್ದು. ಮೊಸಾಯಿಕ್ಕು ಅಪ್ಪ ಹಾಕಿಸಿದ್ದು, ಟೈಲ್ಸು ಅಣ್ಣನ ಮದುವೆಯದ್ದು. ಅವುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಮೊಸಾಯಿಕ್ಕಿಗೆ ಪಾಲಿಷ್ ಮಿಷನ್ ಓಡಿಸಿದಾಗ ಮನೆ ತುಂಬಾ ಹರಿದ ಬಿಳಿ ರಾಡಿಯೊಂದು ನನಗೆ ನೆನಪಿದೆ.

ಚಿಕ್ಕಪ್ಪನ ಮಾತಾದ ಮೇಲೆ ಅತ್ತಿಗೆ ನನಗೆ ರಾತ್ರಿ ಮೆಸೇಜು ಹಾಕಿದ್ದರು. ನಾನು ತುಮಕೂರಿನಲ್ಲಿ ಕೆಲಸದಲ್ಲಿದ್ದೆ. "ನೀನು ಓದಿದವಳು, ಒಂದು ಒಳ್ಳೇ ಡಿಸೈನು ನೋಡಿ ಹೇಳೇ." ಆ ಮಾತು ನನಗೆ ಖುಷಿಯಾಯಿತು. ಒಂದು ವಾರ ಫೋನಿನಲ್ಲಿ ಮನೆಗಳ ಚಿತ್ರ ನೋಡಿದೆ. ಎಲ್ಲದರಲ್ಲೂ ಒಂದೇ ಬಣ್ಣದ ನೆಲ, ಒಂದೇ ಬಣ್ಣದ ಗೋಡೆ, ಗೆರೆಯಿಲ್ಲದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿದ ಹಾಗೆ. ಎರಡಕ್ಕೆರಡು ಅಡಿಯ, ಕೆನೆ ಬಣ್ಣದ, ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಆರಿಸಿದೆ. ಬಣ್ಣ, ಅಳತೆ, ಹೊಳಪು ಎಲ್ಲ ನನ್ನದೇ ಆಯ್ಕೆ. ಇದನ್ನು ಮುಚ್ಚಿಟ್ಟು ಮುಂದಿನದು ಹೇಳಲು ಬರುವುದಿಲ್ಲ.

ದುಡ್ಡು ಎಲ್ಲದಕ್ಕೂ ಸಾಲಲಿಲ್ಲ. ಈ ಸಲ ಹಜಾರ, ಅಡುಗೆಮನೆ, ರೂಮು. ಮುಂದಿನ ಕೊಬ್ಬರಿಗೆ ನಡುಮನೆ ಎಂದು ಮಾತಾಯಿತು. ಹಳೇ ನೆಲ ಅಗೆಸಿದರೆ ಖರ್ಚು ಜಾಸ್ತಿ, ಮಣ್ಣಿನ ಗೋಡೆಯ ಬುಡಕ್ಕೂ ಏಟು ಬೀಳುತ್ತದೆ. ಹಾಗಾಗಿ ಮೇಸ್ತ್ರಿ ಹಳೇದರ ಮೇಲೆ ಅಲ್ಲಲ್ಲಿ ಕೊಚ್ಚು ಹಾಕಿ, ಗಮ್ಮು ಬಳಿದು, ಮೇಲೆಯೇ ಟೈಲ್ಸ್ ಕೂರಿಸಿದ. ಹೀಗೆ ಮಾಡುವುದಾದರೆ ಮೊದಲು ಹಳೇ ನೆಲವನ್ನು ಕೋಲಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದ ಕಡೆ ಕಿತ್ತು ತುಂಬದಿದ್ದರೆ ಮೇಲಿನ ಟೈಲ್ಸೂ ಏಳುತ್ತದೆ. ನೆಲ ಅರ್ಧ-ಮುಕ್ಕಾಲು ಇಂಚು ಏರುವುದರಿಂದ ಬಾಗಿಲ ಕೆಳಗೆ ಕೊಯ್ಯಿಸಬೇಕು. ಇದೆಲ್ಲ ಸರಿಯಾಗೇ ಆಯಿತು. ಹಜಾರವೂ ಏರಿತು, ಅಡುಗೆಮನೆಯೂ ಅಷ್ಟೇ ಏರಿತು. ನಡುವಿನ ನಾಲ್ಕು ಇಂಚಿನ ಮೆಟ್ಟಿಲು ಹಾಗೇ ಉಳಿಯಿತು. ಮೇಲೆ, ಕೆಳಗೆ, ಮೆಟ್ಟಿಲ ಮುಖಕ್ಕೆ, ಮೂರಕ್ಕೂ ಅದೇ ಕೆನೆ ಬಣ್ಣ. ನಾನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡೆ.

ಹನ್ನೆರಡನೇ ದಿನ ಬೆಳಗ್ಗೆ ಅಣ್ಣ ಫೋನು ಮಾಡಿದ. ಅಮ್ಮ ಬಿದ್ದಿದ್ದಾರೆ, ಎಡಗೈ ಮಣಿಕಟ್ಟು ಮುರಿದಿದೆ.

ಅಮ್ಮನಿಗೆ ಅರವತ್ತಾರು. ಬಿದ್ದದ್ದು ಆ ಮೆಟ್ಟಿಲಲ್ಲಿ. ಮೂವತ್ತೈದು ವರ್ಷ ದಿನಕ್ಕೆ ನೂರು ಸಲ ಇಳಿದು ಹತ್ತಿದ ಮೆಟ್ಟಿಲು. ಅತ್ತಿಗೆ ಹೇಳಿದ ಪ್ರಕಾರ ಹಿತ್ತಲ ಬಾಗಿಲಿಂದ ಬಿಸಿಲು ಟೈಲ್ಸಿನ ಮೇಲೆ ಬಿದ್ದು ಫಳಫಳ ಅನ್ನುತ್ತಿತ್ತು. ಅಮ್ಮ ಹಾಲಿನ ಪಾತ್ರೆ ಹಿಡಿದು ನೇರ ನಡೆದರು, ಅಲ್ಲಿ ಮೆಟ್ಟಿಲೇ ಇಲ್ಲವೇನೋ ಎಂಬಂತೆ.

ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬ್ಯಾಂಡೇಜು ಕಟ್ಟಿ ಆಗಿತ್ತು. ಡಾಕ್ಟರು ಕೈಯ ವಿಷಯ ಮುಗಿಸಿ, "ಅಮ್ಮಾ, ಕಣ್ಣು ಯಾವಾಗ ತೋರಿಸಿದ್ರಿ?" ಎಂದು ಕೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡರು, ಉತ್ತರ ಕೊಡಲಿಲ್ಲ. ಎರಡೂ ಕಣ್ಣಲ್ಲಿ ಪೊರೆ ಬೆಳೆದಿತ್ತು. ಪೊರೆ ಬಂದ ಕಣ್ಣಿಗೆ ಹೊಳಪು ಬಿದ್ದರೆ ಇನ್ನೂ ಮಬ್ಬು, ಒಂದೇ ಬಣ್ಣದ ಎರಡು ವಸ್ತುಗಳ ನಡುವಿನ ಅಂಚು ಗೊತ್ತಾಗುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು.

ನಾನು ಹೊರಗೆ ಬಂದ ಮೇಲೆ ಅಮ್ಮನ ಮೇಲೆ ರೇಗಿದೆ. ಕಣ್ಣು ಕಾಣದೆ ಎಷ್ಟು ದಿನ ಆಗಿತ್ತು, ಒಂದು ಮಾತು ಹೇಳಬಾರದಿತ್ತಾ?

"ಎರಡು-ಮೂರು ವರ್ಷ ಆಗಿರಬೌದು. ಆದ್ರೆ ಮನೇಲಿ ನಂಗೇನೂ ತೊಂದ್ರೆ ಇರ್ಲಿಲ್ಲ ಕಣೇ. ಕೆಂಪು ಬಂತು ಅಂದ್ರೆ ನಡುಮನೆ, ಹೊಸಿಲು ದಾಟಬೇಕು. ಕಪ್ಪು ಬಂತು ಅಂದ್ರೆ ಕಾಲು ಕೆಳಗಿಡಬೇಕು. ನೆಲ ಕಾಣ್ತಿತ್ತಲ್ಲ, ಸಾಕಾಗಿತ್ತು."

ಬಸ್ಸಿನಲ್ಲಿ ಊರು ತಲುಪುವವರೆಗೆ ನಾನು ಬಾಯಿ ಬಿಡಲಿಲ್ಲ.

ಅತ್ತಿಗೆ ಅಳುತ್ತಾ ಕೂತಿದ್ದರು. ನನ್ನ ತವರಿನವರ ಮಾತಿನಿಂದ ಇಷ್ಟಾಯಿತು ಎಂದು ಅವರ ದುಃಖ. ಬಣ್ಣ ಆರಿಸಿದ್ದು ನಾನು, ಎಂದು ನಾನು. ಅಣ್ಣ ಇಬ್ಬರನ್ನೂ ಬಿಟ್ಟು ಮೇಸ್ತ್ರಿಯನ್ನು ಕರೆಯಲು ಹೋದ.

ಮೇಸ್ತ್ರಿ ಬಂದು ರಸಮಟ್ಟ ಇಟ್ಟು ನೋಡಿದ. ಅಡುಗೆಮನೆಯನ್ನೇ ನಾಲ್ಕು ಇಂಚು ಎತ್ತರಿಸಿದರೆ ಮೆಟ್ಟಿಲ ಕಾಟವೇ ಇರುವುದಿಲ್ಲ ಅಂದ ಅಣ್ಣ. ಹಾಗೆ ಮಾಡಿದರೆ ಅಡುಗೆ ಕಟ್ಟೆ ಮೊಣಕಾಲಿನ ಹತ್ತಿರಕ್ಕೆ ಬರುತ್ತದೆ, ಹಿತ್ತಲ ಬಾಗಿಲಲ್ಲಿ ತಲೆ ಬಡಿಯುತ್ತದೆ, ನೀರು ಹೋಗುವ ತೂಬು ಹೂತುಹೋಗುತ್ತದೆ ಅಂದ ಮೇಸ್ತ್ರಿ. ಇಳಿಜಾರು ಮಾಡೋಣ ಅಂದೆ ನಾನು. "ಅಷ್ಟು ಜಾಗ ಎಲ್ಲೈತೆ? ಗಿಡ್ಡ ಜಾರು ಮಾಡಿದ್ರೆ ನೀರು ಬಿದ್ದಾಗ ಎಲ್ಲರೂ ಜಾರೋದೇ." ಕೊನೆಗೆ ಅವನೇ ಕೊಟ್ಟಿಗೆ ಕಡೆ ನಡೆದ. ಗೋಡೆಗೆ ಒರಗಿಸಿಟ್ಟಿದ್ದ, 1988ರಲ್ಲಿ ಮಿಕ್ಕಿದ್ದ ಕಡಪಾ ಚಪ್ಪಡಿಯೊಂದನ್ನು ತೋರಿಸಿ, "ಇದನ್ನೇ ಅಂಚಿಗೆ ಕೂರಿಸಾನ, ಪಾಲಿಷ್ ಬ್ಯಾಡ" ಅಂದ.

ಮೆಟ್ಟಿಲ ಅಂಚಿನ ಟೈಲ್ಸ್ ಕೊಯ್ದು ತೆಗೆದು, ಆರು ಇಂಚು ಅಗಲದ ಕಪ್ಪು ಪಟ್ಟಿ ಕೂರಿಸಿದ. ಒರಟು ಕಲ್ಲು, ಒದ್ದೆ ಕಾಲಿಗೂ ಹಿಡಿತ ಸಿಗುತ್ತದೆ. ಒಂದೂವರೆ ದಿನದ ಕೆಲಸ. ಮೆಟ್ಟಿಲ ನೆತ್ತಿಗೆ ಒಂದು ಬಲ್ಬು ಹಾಕಿಸಿದೆವು. ಹಿತ್ತಲ ಬಾಗಿಲಿಗೆ ಅತ್ತಿಗೆ ಹಳೇ ಸೀರೆಯ ಪರದೆ ಹೊಲಿದರು, ಬೆಳಗಿನ ಬಿಸಿಲು ನೇರ ನೆಲಕ್ಕೆ ಬೀಳದ ಹಾಗೆ. ಟೈಲ್ಸ್ ಹಾಕಿಸುವವರು ಹೊಳಪಿಲ್ಲದ ಮ್ಯಾಟ್ ನಮೂನೆ ಕೇಳಿ ತಗೊಳ್ಳಿ. ಅಂಗಡಿಯಲ್ಲಿ ಅದು ಮಂಕಾಗಿ ಕಾಣುತ್ತದೆ, ಮನೆಯಲ್ಲಿ ಅದೇ ವಾಸಿ.

ನಡುಮನೆಗೆ ಟೈಲ್ಸ್ ಹಾಕುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಆದರೆ ಪಕ್ಕದಲ್ಲಿ ಕೆನೆ ಬಣ್ಣ ಬಂದ ಮೇಲೆ ಹಳೇ ಕೆಂಪು ಇನ್ನೂ ಹಳತಾಗಿ ಕಾಣುತ್ತಿತ್ತು. ಮಧ್ಯದಲ್ಲಿ ಉದ್ದಕ್ಕೆ ಒಂದು ಬಿರುಕು. ಅದಕ್ಕೆ ಕೆಂಪು ಸಿಮೆಂಟು ತುಂಬಿಸೋಣ ಎಂದರೆ ಮೇಸ್ತ್ರಿ ಒಪ್ಪಲಿಲ್ಲ: "ಹೊಸ ಕೆಂಪು ಹಳೇ ಕೆಂಪಿಗೆ ಸೇರಾಕಿಲ್ಲ. ಗಾಯಕ್ಕೆ ಪಟ್ಟಿ ಹಾಕಿದಂಗೆ ಕಾಣ್ತೈತೆ." ಬಿರುಕು ಬಿರುಕಾಗೇ ಉಳಿಯಿತು. ಕಲೆ ತೆಗೆಯಲು ಹಿಂದೊಮ್ಮೆ ನಾನು ಬಚ್ಚಲು ತೊಳೆಯುವ ಆಸಿಡ್ ಸುರಿದಿದ್ದೆ. ಅಲ್ಲಿ ಹೊಳಪು ಹೋಗಿ ಬೆಳ್ಳಗೆ ಬಿಳಿಚಿಕೊಂಡಿದೆ. ಗಾರೆ ನೆಲಕ್ಕೆ, ಮೊಸಾಯಿಕ್ಕಿಗೆ, ಕಡಪಾ ಕಲ್ಲಿಗೆ ಯಾವತ್ತೂ ಆಸಿಡ್ ತಾಗಿಸಬೇಡಿ. ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ಬಟ್ಟೆಗೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಸಾಕು. ಜಾಸ್ತಿ ಹಾಕಿದರೆ ಮತ್ತೆ ಜಾರುತ್ತದೆ, ಧೂಳೂ ಮೆತ್ತುತ್ತದೆ.

ಮನೆಯನ್ನು ಒಂದು ಮಾಡಿದ್ದು ಕೊನೆಗೆ ಗೋಡೆ. ಈ ಉಪಾಯ ಅತ್ತಿಗೆಯದು. ಹಳೇ ಪ್ಲಾಸ್ಟಿಕ್ ಪೇಂಟು ಮಣ್ಣಿನ ಗೋಡೆಯ ತೇವ ಹೊರಗೆ ಬಿಡದೆ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಅಷ್ಟನ್ನೂ ಕೆರೆಸಿ, ಎಲ್ಲಾ ಕೋಣೆಗೂ ಅಂಟು ಕಲೆಸಿದ ಸುಣ್ಣ ಹೊಡೆಸಿದೆವು. ಕೆಳಗಿನ ಮೂರು ಅಡಿಗೆ ಮಾತ್ರ, ಗಾರೆ ನೆಲಕ್ಕೆ ಹಾಕುವ ಅದೇ ಕೆಂಪು ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಇಟ್ಟಿಗೆ ಬಣ್ಣ. ಹಸಿಯಲ್ಲಿ ಗಾಢವಾಗಿ ಕಂಡದ್ದು ಒಣಗಿದ ಮೇಲೆ ತಿಳಿಯಾಗುತ್ತದೆ. ಹಿತ್ತಲ ಗೋಡೆಯಲ್ಲಿ ಮೂರು ಸಲ ಬಳಿದು ಒಣಗಿಸಿ ನೋಡಿ ಆಮೇಲೆ ಒಳಗೆ ಶುರು ಮಾಡಿದೆವು. ಈಗ ನಡುಮನೆಯ ನೆಲದ ಕೆಂಪು ಗೋಡೆ ಹತ್ತಿ ಹಜಾರಕ್ಕೂ ಅಡುಗೆಮನೆಗೂ ಬಂದ ಹಾಗಿದೆ. ಬಾಗಿಲ ಚೌಕಟ್ಟುಗಳಿಗೆ ಬಿಳಿ ಬಳಿಸಬೇಕೆಂದಿದ್ದ ನಾನು ಗಾಢ ಕಂದು ಹೊಡೆಸಿದೆ. ಬಾಗಿಲು ಎಲ್ಲಿದೆ ಎಂದು ಅಮ್ಮನಿಗೆ ಗೊತ್ತಾಗಬೇಕಲ್ಲ.

ಕೈ ಕೂಡಿದ ಮೇಲೆ ಒಂದೊಂದೇ ಕಣ್ಣಿಗೆ ಆಪರೇಷನ್ ಆಯಿತು. ಮೊದಲನೇ ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಅಮ್ಮ ಹಜಾರದ ನಡುವೆ ನಿಂತು ನೆಲವನ್ನೇ ನೋಡಿದರು. "ಇಷ್ಟು ಬೆಳ್ಳಗೈತಾ ಇದು!" ಅಂದರು. ಆಮೇಲೆ ಬಗ್ಗಿ, "ಕಾಫಿ ಚೆಲ್ಲಿ ಎಷ್ಟು ದಿನ ಆಯ್ತು? ಒರೆಸೋರು ಯಾರೂ ಇಲ್ವಾ ಈ ಮನೇಲಿ?"

ಈ ವರ್ಷದ ಹೊಸತೊಡಕಿಗೆ ಅತ್ತಿಗೆಯ ಚಿಕ್ಕಪ್ಪ ಮತ್ತೆ ಬಂದಿದ್ದರು. ಹಜಾರ ಮೆಚ್ಚಿಕೊಂಡರು, ಗೋಡೆ ಮೆಚ್ಚಿಕೊಂಡರು. ಅಡುಗೆಮನೆ ಬಾಗಿಲ ಹತ್ತಿರ ನಿಂತು, "ಎಲ್ಲಾ ಚೆನ್ನಾಗೈತೆ, ಈ ಕಪ್ಪು ಪಟ್ಟಿ ಒಂದು ಯಾಕೋ ಮ್ಯಾಚ್ ಆಗ್ಲಿಲ್ಲ ನೋಡಿ" ಅಂದರು. ಅತ್ತಿಗೆ ನನ್ನ ಮುಖ ನೋಡಿ ನಕ್ಕರು. ಅಮ್ಮ ಖಾಲಿ ಲೋಟಗಳ ತಟ್ಟೆ ಎತ್ತಿಕೊಂಡು, "ಒಸಿ ಜಾಗ ಬಿಡ್ರಪ್ಪ" ಎಂದು ಅವರನ್ನು ಪಕ್ಕಕ್ಕೆ ಸರಿಸಿ, ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಿ ಒಮ್ಮೆ ಸವರಿ, ಕೆಳಗಿಳಿದು ಹೋದರು.