ಸಹಿಯ ಹಿಂದೆ ಯಾರಿದ್ದಾರೆ?

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡುತ್ತಾರೆ. ನಾನು ಮೊಮ್ಮಕ್ಕಳಿಗೆ ಅಲ್ಲಿನ ಶಾಸನಗಳನ್ನೂ ತೋರಿಸುತ್ತೇನೆ. ಅವುಗಳಲ್ಲಿ ಕೆಲವು ಲೆಕ್ಕದ ಪುಸ್ತಕಗಳೇ ಸರಿ. ಭಕ್ತರು ಇಷ್ಟು ಗದ್ಯಾಣ ಇಟ್ಟಿದ್ದಾರೆ, ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ದಿನವೂ ಇಷ್ಟು ಹಾಲು ಸಲ್ಲಬೇಕು ಎಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ಗದ್ಯಾಣ ಅಂದರೆ ಆ ಕಾಲದ ಚಿನ್ನದ ನಾಣ್ಯ.

ಆ ಹಣವನ್ನು ಯಾರಾದರೂ ನುಂಗಿಹಾಕಿದರೆ? ಅದಕ್ಕಾಗಿಯೇ ಹಿಂದಿನವರು ದಾನಶಾಸನಗಳ ಕೊನೆಯಲ್ಲಿ ಶಾಪ ಹಾಕುತ್ತಿದ್ದರು. ದಾನ ಕೆಡಿಸಿದವನಿಗೆ ಗಂಗೆಯ ದಡದಲ್ಲಿ ಹಸುವನ್ನು ಕೊಂದ ಪಾಪ ಬರುತ್ತದೆ ಎಂದು ಹೆದರಿಸುತ್ತಿದ್ದರು. ಲೆಕ್ಕಕ್ಕೆ ಪಾಪದ ಭಯವೇ ಕಾವಲು.

ಆಮೇಲೆ ಹಳ್ಳಿಯ ಲೆಕ್ಕ ಶಾನುಭೋಗರ ಕೈಗೆ ಬಂತು. ಆ ಕೆಲಸ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಬೇರೆ ಮನೆಯ ಹುಡುಗ ಎಷ್ಟೇ ಜಾಣನಾದರೂ ಶಾನುಭೋಗನಾಗುವಂತಿರಲಿಲ್ಲ. 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು.

ಹಾಸನದಲ್ಲಿ ಪಿಯುಸಿ ಕಾಮರ್ಸ್ ಓದುತ್ತಿರುವ ಮೊಮ್ಮಗಳು ಮೊನ್ನೆ, "ತಾತ, ನಾನು ಸಿಎ ಆಗ್ಲಾ?" ಅಂದಳು. ಅವಳಿಂದಲೇ ನಾನೂ ಒಂದಷ್ಟು ತಿಳಿದುಕೊಂಡೆ.

ಬಿ.ಕಾಂ. ಪದವಿಯನ್ನು ವಿಶ್ವವಿದ್ಯಾಲಯ ಕೊಡುತ್ತದೆ. ಸಿಎ ಹಾಗಲ್ಲ. ಅದಕ್ಕೆ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಇದೆ. 1949ರ ಕಾಯ್ದೆಯಂತೆ ಅದೇ ವರ್ಷ ಜುಲೈ 1ರಂದು ಅದು ಹುಟ್ಟಿತು. ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂದು ಮೂರು ಹಂತದ ಪರೀಕ್ಷೆ. ಪ್ರತಿ ವಿಷಯದಲ್ಲೂ 40 ಅಂಕ ಬರಬೇಕು, ಒಟ್ಟಿನಲ್ಲಿ ಶೇಕಡಾ 50 ಆಗಬೇಕು. ನಡುವೆ ಎರಡು ವರ್ಷ ಅನುಭವಿ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯಬೇಕು. ಇದಕ್ಕೆ ಆರ್ಟಿಕಲ್‌ಶಿಪ್ ಎನ್ನುತ್ತಾರೆ.

ಇದಕ್ಕೆ ಹತ್ತಿರದ ಸಂಸ್ಥೆಗಳು ಇನ್ನೆರಡಿವೆ. ಒಂದು ಲೀಟರ್ ಹಾಲು ಪ್ಯಾಕೆಟ್ ಸೇರುವಷ್ಟರಲ್ಲಿ ಖರ್ಚೆಷ್ಟು ಎಂದು ಲೆಕ್ಕ ಹಾಕುವವರು ಕಾಸ್ಟ್ ಅಕೌಂಟೆಂಟ್‌ಗಳು. ಅವರ ಕಾಯ್ದೆ 1959ರದು. ಕಂಪನಿ ಕಾನೂನಿನಂತೆ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವವರು ಕಂಪನಿ ಸೆಕ್ರೆಟರಿಗಳು, ಅವರದು 1980ರದು.

"ಲೆಕ್ಕ ಯಾರು ಬೇಕಾದರೂ ಕಲಿಯಬಹುದಲ್ಲ, ಇಷ್ಟೆಲ್ಲ ಯಾಕೆ?" ಎಂದು ಕೇಳಿದೆ. "ತಾತ, ತಪ್ಪು ಲೆಕ್ಕಕ್ಕೆ ಸಹಿ ಹಾಕಿದರೆ ವಿಚಾರಣೆ ನಡೆಸಿ ಸದಸ್ಯರ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು," ಎಂದಳು. ಸಹಿ ಅಸಲಿಯೋ ನಕಲಿಯೋ ತಿಳಿಯಲು 2019ರಿಂದ ಒಂದು ಏರ್ಪಾಡೂ ಇದೆಯಂತೆ. ಸಿಎ ಕೊಡುವ ಪ್ರಮಾಣಪತ್ರದ ಮೇಲೆ ಯುಡಿಐಎನ್ ಎಂಬ 18 ಅಂಕಿ-ಅಕ್ಷರಗಳ ಗುರುತು ಇರಬೇಕು. ಅದನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಯಾರು ಬೇಕಾದರೂ ಪರೀಕ್ಷಿಸಬಹುದು.

ಶಾಪದ ಜಾಗಕ್ಕೆ ಈಗ ಬಂದಿರುವುದು ಇದೇ, ಅನ್ನಿಸಿತು.

ಒಂದು ಕಷ್ಟವೂ ಇದೆ. ಈ ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು, ಕನ್ನಡದಲ್ಲಿ ಬರೆಯುವಂತಿಲ್ಲ. ಅರಕಲಗೂಡಿನ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಬೆಟ್ಟ ಇನ್ನಷ್ಟು ಕಡಿದಾಗುತ್ತದೆ. ಆದರೂ ಯಾರ ಮನೆಯ ಮಗು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ದಿನಕ್ಕೆ ನಾಲ್ಕು ಇಂಗ್ಲಿಷ್ ಪದ ಈಗಿನಿಂದಲೇ ಕಲಿತರೆ ದಾರಿ ಹಗುರವಾದೀತು.

ಹೊಳೆನರಸೀಪುರದ ಹಳ್ಳಿಯಾಗಲಿ, ಹಾಸನದ ಹಳ್ಳಿಯಾಗಲಿ, ನಮ್ಮ ಕಡೆ ಹಸು ಕಟ್ಟಿದವರ ದುಡ್ಡೆಲ್ಲ ಹಾಲಿನ ಡೇರಿಯ ಲೆಕ್ಕದಲ್ಲಿದೆ. ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಪರಿಶೋಧಕರು ನೋಡಿ ವರದಿ ಕೊಡುತ್ತಾರೆ. ಮಕ್ಕಳೇ, ಈ ಸಲ ಮಹಾಸಭೆಗೆ ತಾತನ ಜೊತೆ ನೀವೂ ಹೋಗಿ. ವರದಿಯ ಕೊನೆಯ ಪುಟ ತಿರುವಿ, ಸಹಿ ಯಾರದು ಎಂದು ಓದಿ ಹೇಳಿ. ಆ ಸಣ್ಣ ಅಕ್ಷರ ನಮ್ಮ ಕಣ್ಣಿಗೆ ಕಾಣುವುದಿಲ್ಲ.